ಹದಿನಾರು ಗೆರೆಗಳ ಹೆಸರು

ಜೂನ್ 17, ಬೆಳಿಗ್ಗೆ 9.20. ತೈವಾನಿನ ತೈಚುಂಗ್ ಠಾಣೆಗೆ ಹಣ್ಣಿನ ಅಂಗಡಿಯ ಲೈ ಸು-ಚಿನ್ ದೂರು ಹೊತ್ತು ಬಂದಳು. ಪೆನಿಸಿಲಿನ್ ಒಗ್ಗದ ಅವಳ ತಂದೆಗೆ ಆಸ್ಪತ್ರೆಯಲ್ಲಿ ಅದನ್ನೇ ಚುಚ್ಚಿದ್ದರು. ಮುದುಕನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಕಂಪ್ಯೂಟರಿನಲ್ಲಿ ‘ಅಲರ್ಜಿ: ಇಲ್ಲ’ ಎಂದಿತ್ತು.

“ನೀವು ಮೊದ್ಲೇ ಹೇಳಿದ್ರಾ?” ಇನ್‌ಸ್ಪೆಕ್ಟರ್ ತಿಂಗ್ ಕೇಳಿದ.

“ಮಾರ್ಚಲ್ಲೇ ಹೇಳಿದ್ದೆ ಸರ್. ಹೇಳೇ ಇಲ್ಲ ಅಂತಾರೆ ಅವ್ರು. ಈಗ ನಂಗೇ ಅನುಮಾನ. ಅಪ್ಪನ್ನ ನಾನೇ ಈ ಗತಿಗೆ ತಂದ್ನಾ?”

ಎಫ್‌ಐಆರ್ ದಾಖಲಾಯಿತು. 11.05ಕ್ಕೆ ಆಸ್ಪತ್ರೆಯ ಅಲರ್ಜಿ ಪಟ್ಟಿ ನೋಡುತ್ತಿದ್ದ ಕಾನ್‌ಸ್ಟೇಬಲ್ ಶೂ ತಲೆ ಕೆರೆದುಕೊಂಡ.

“ಸರ್, ನಾಲ್ಕು ಸಾವಿರ ಜನ ಒಂದೇ ನಿಮಿಷದಲ್ಲಿ ‘ಇಲ್ಲ’ ಅಂದಿದ್ದಾರೆ. ಮೇ 6, ಮಧ್ಯಾಹ್ನ 12.40.”

“ಎಲ್ರೂ ಅಂಗಳದಲ್ಲಿ ನಿಂತು ಒಟ್ಟಿಗೆ ಕೂಗಿದ್ರೇನಯ್ಯಾ?”

ಬರೆದವರ ಹೆಸರೇ ಇರಲಿಲ್ಲ. ಆಸ್ಪತ್ರೆಯ ಕಂಪ್ಯೂಟರ್ ಎಂಜಿನಿಯರ್ ಚೌ ವಿವರಿಸಿದ: “ಕೋಷ್ಟಕ ಕಟ್ಟೋ ಸ್ಕ್ರಿಪ್ಟಲ್ಲಿ ಡೀಫಾಲ್ಟ್ ಅಂತ ಒಂದು ಉತ್ತರ ಇಡ್ತೀವಿ. ಖಾಲಿ ಬಿಟ್ರೆ ಆ ಉತ್ತರ ತಾನೇ ತುಂಬ್ಕೊಳ್ಳುತ್ತೆ.”

“ಅಂದ್ರೆ ಯಾರೂ ಬರೀದೇ ಬರ್ದಂಗೆ?” ತಿಂಗ್‌ಗೆ ಅರ್ಧವೂ ತಿಳಿಯಲಿಲ್ಲ. ಹಾಗಾದರೆ ಹಿಡಿಯುವುದು ಯಾರನ್ನು? ಸ್ಕ್ರಿಪ್ಟ್ ಓಡಿಸಿದವರು ಯಾರೆಂದು ನೋಡೋಣವೆಂದರೆ ಆ ದಿನದ ದಾಖಲೆಯೇ ಅಳಿಸಿಹೋಗಿತ್ತು. ಮೂವರು ಎಂಜಿನಿಯರ್‌ಗಳೂ ನಾನಲ್ಲ ಎಂದರು.

2.30ಕ್ಕೆ ಸರ್ವರ್ ಕೋಣೆಯ ಪಂಚನಾಮೆ. ಯಂತ್ರಗಳ ನೆತ್ತಿಯ ಮೇಲೆ ಕುರುಕಲು ತಿಂಡಿಯ ಹಸಿರು ಪೊಟ್ಟಣಗಳು. ಯಂತ್ರ ಮುನಿಯದಿರಲೆಂದು ಅದನ್ನಿಡದೆ ಇಲ್ಲಿ ಯಾರೂ ಕೆಲಸ ಶುರುಮಾಡುವುದಿಲ್ಲ. ಕಾನ್‌ಸ್ಟೇಬಲ್ ಶೂ ಪೊಟ್ಟಣವೊಂದನ್ನು ತಿರುಗಿಸಿ ಓದಿದ: “‘ಮೇ 6. ಹೊಸ ಕೋಷ್ಟಕ. ಹಟ ಮಾಡ್ಬೇಡಪ್ಪ. ಇಂತಿ ಚೌ.’”

ದಾಖಲೆ ಅಳಿಸಿದವನಿಗೆ ಪೊಟ್ಟಣ ಎಸೆಯುವ ಧೈರ್ಯ ಬಂದಿರಲಿಲ್ಲ.

ಚೌ ಒಪ್ಪಿಕೊಂಡ. “ಅಲರ್ಜಿ ಜಾಗ ಖಾಲಿ ಇದ್ರೆ ಸ್ಕ್ರೀನ್ ಮುಂದಕ್ಕೆ ಹೋಗಲ್ಲ ಅಂತ ನರ್ಸುಗಳು ದಿನಾ ಬೈತಿದ್ರು. ‘ಇಲ್ಲ’ ಅಂತ ಡೀಫಾಲ್ಟ್ ಇಟ್ಟೆ. ಹಳೇದ್ರಿಂದ ತುಂಬುವಾಗ ಅಲರ್ಜಿ ಕಾಲಮ್ಮೇ ಬಿಟ್ಟೋಯ್ತು. ಗೊತ್ತಾಗೋ ಹೊತ್ತಿಗೆ ಹಳೇ ಕೋಷ್ಟಕ ಅಳಿಸ್ಬಿಟ್ಟಿದ್ದೆ.”

“ಹೇಳೋಕೇನಾಗಿತ್ತು?”

“ಯಾವ ಮುಖ ಇಟ್ಕೊಂಡು ಹೇಳ್ಲಿ ಸರ್? ಯಾರಿಗೂ ಗೊತ್ತಾಗೋ ಮೊದ್ಲೇ ಸರಿಮಾಡ್ಬಿಡೋಣ ಅಂತ ದಿನಾ ಊಟ ಬಿಟ್ಟು, ರೋಗಿಗಳ ಕಾಗದದ ಅರ್ಜಿ ನೋಡ್ಕೊಂಡು ಒಬ್ಬೊಬ್ರದ್ದೇ ತುಂಬ್ತಿದ್ದೆ. ನಮ್ಮ ಇಂಡೆಕ್ಸು ಮನೆತನದ ಹೆಸರಿನ ಚೀನೀ ಅಕ್ಷರ ಬರಿಯೋಕೆ ಎಷ್ಟು ಗೆರೆ ಬೇಕೋ ಎಣಿಸಿ, ಕಮ್ಮಿ ಗೆರೆಯವ್ರನ್ನ ಮೊದ್ಲು ಜೋಡ್ಸುತ್ತೆ. ಹದಿನೈದು ಗೆರೆಯವ್ರ ತನಕ ಮುಗಿದಿತ್ತು. ಲೈ ಅನ್ನೋಕೆ ಹದಿನಾರು.”

ಅವನ ಮೇಜಿನ ಕಟ್ಟಿನಲ್ಲಿ ಸು-ಚಿನ್ ತಂದೆಯ ಮಾರ್ಚ್ ತಿಂಗಳ ಅರ್ಜಿ ಸಿಕ್ಕಿತು. 4.15ಕ್ಕೆ ಬಂಧನವಾಯಿತು. ತಿಂಗ್ ಮೊದಲು ಸು-ಚಿನ್‌ಗೆ ಫೋನ್ ಮಾಡಿದ. “ನೀವು ಹೇಳಿದ್ರಿ ಕಣಮ್ಮ. ಬರ್ಕೊಂಡಿದ್ದಾರೆ.” ಆ ಕಡೆ ಅವಳು ಗಟ್ಟಿಯಾಗಿ ಅತ್ತಳು.

ಜೀಪಿನಲ್ಲಿ ಚೌ ಮೆಲ್ಲಗೆ ಕೇಳಿದ: “ನಿಮ್ಮ ತಂದೆ ಇದೇ ಆಸ್ಪತ್ರೆಗೆ ಬರ್ತಾರಲ್ವಾ ಸರ್? ಅವ್ರ ಅರ್ಜೀಲಿ ಮಗ ಅಂತ ನಿಮ್ಮ ಹೆಸರಿತ್ತು. ಅವ್ರಿಗೂ ಪೆನಿಸಿಲಿನ್ ಆಗಲ್ಲ. ತಿಂಗ್, ಎರಡೇ ಗೆರೆ. ಮೊದಲ ದಿನವೇ ಸರಿಮಾಡಿದ್ದೆ.”