ಬೇಳೆ ಕಾಣೆಯಾಗಿದೆ

“ಮೂಗು ಇನ್ನೂ ದಪ್ಪ ಮಾಡೇ,” ಅಂದ ಹೇಮಂತ.

ಶಿವಾನಿ ದಪ್ಪ ಮಾಡಿದಳು. ಚಾರ್ಟ್ ಪೇಪರಿನ ಮೇಲೆ ಅಡುಗೆಯ ನೀಲಕ್ಕ ಸಾಂಬಾರಿನ ಕೆರೆಯಲ್ಲಿ ಈಜುತ್ತಿದ್ದರು. ಕಣ್ಣಿಗೆ ಕೂಲಿಂಗ್ ಗ್ಲಾಸು, ಕೈಯಲ್ಲಿ ಮೀನಿನ ಬಲೆ. ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಶಿವಾನಿ ಬರೆದಳು:

‘ಬೇಳೆ ಕಾಣೆಯಾಗಿದೆ. ಬಣ್ಣ: ಹಳದಿ. ಕೊನೆಯ ಸಲ ಕಂಡಿದ್ದು: ಜೂನ್ ತಿಂಗಳಲ್ಲಿ. ಹುಡುಕಿಕೊಟ್ಟವರಿಗೆ ಒಂದು ಹಪ್ಪಳ.’

ಹೇಮಂತ ನಕ್ಕು ನಕ್ಕು ಬೆಂಚಿನಿಂದ ಜಾರಿದ.

ನಿಜಕ್ಕೂ ಅವರು ಮಾಡಬೇಕಿದ್ದದ್ದು ಥ್ಯಾಂಕ್ಯೂ ಪೋಸ್ಟರ್. ನೀಲಕ್ಕ ಆ ಶಾಲೆಯಲ್ಲಿ ಬಿಸಿಯೂಟ ಬೇಯಿಸಲು ಶುರುಮಾಡಿ ಹತ್ತು ವರ್ಷವಾಗಿತ್ತು. “ಐದನೇ ಕ್ಲಾಸಿನವರು ಪೋಸ್ಟರ್ ಮಾಡಿ. ಮನಸ್ಸಲ್ಲಿ ಇರೋದನ್ನ ಬರೀರಿ,” ಎಂದು ಕಲಾವತಿ ಮಿಸ್ ಹೇಳಿದ್ದರು. ಮನಸ್ಸಲ್ಲಿ ಇದ್ದದ್ದು ಇದೇ ಆದರೆ ಶಿವಾನಿ ತಾನೇ ಏನು ಮಾಡಿಯಾಳು?

ಅಷ್ಟರಲ್ಲಿ ಯಲಹಂಕದ ಏರ್‌ಫೋರ್ಸ್ ಕಡೆಯಿಂದ ವಿಮಾನವೊಂದು ಕಿವಿ ಕಿತ್ತುಹೋಗುವ ಹಾಗೆ ಹಾರಿತು. ಮಿಸ್ ಬರುವ ಸದ್ದೇ ಕೇಳಿಸಲಿಲ್ಲ. ಅವರು ಬಾಗಿಲಲ್ಲಿ ಕಂಡದ್ದೇ ತಡ, ಶಿವಾನಿ ಚಾರ್ಟನ್ನು ಮಗುಚಿದಳು.

ಇದ್ದದ್ದು ಅದೊಂದೇ ಚಾರ್ಟು. ಇನ್ನೊಂದು ಬದಿಗೆ ಗುಲಾಬಿ ಬಿಡಿಸಿ, ‘ನೀಲಕ್ಕ, ನೀವು ಅನ್ನಪೂರ್ಣೆ’ ಎಂದು ಬರೆದು, ಮೇಲೆ ಡಬ್ಬಿಗಟ್ಟಲೆ ಗ್ಲಿಟರ್ ಸುರಿದರು.

“ಹಿಂದುಗಡೆ ಯಾರೂ ನೋಡಲ್ಲ ಕಣೇ. ಗೋಡೆ ನೋಡುತ್ತೆ ಅಷ್ಟೆ,” ಅಂದ ಹೇಮಂತ.

ಶುಕ್ರವಾರ ಪ್ರೇಯರ್ ಮುಗಿದ ಮೇಲೆ ಮಿಸ್ ‘ಶಿವಾನಿ, ಹೇಮಂತ ಮಾಡಿದ್ದು’ ಎಂದು ಪೋಸ್ಟರನ್ನು ನೀಲಕ್ಕನ ಕೈಗಿತ್ತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ಲಿಟರ್ ಸೀರೆಯ ಮೇಲೆಲ್ಲ ಉದುರಿತು. ನೀಲಕ್ಕ ಚಾರ್ಟನ್ನು ಕೊಡವಲು ಮಗುಚಿದರು.

ಮಗುಚಿದವರು ಹಾಗೇ ನಿಂತರು. ಒಂದೊಂದೇ ಅಕ್ಷರ ಓದುವ ಹಾಗೆ ತುಟಿ ಅಲ್ಲಾಡಿತು. ಶಿವಾನಿ ಹೇಮಂತನ ಬೆನ್ನ ಹಿಂದೆ ಸರಿದಳು.

ನೀಲಕ್ಕ ಪೋಸ್ಟರನ್ನು ಸುರುಳಿ ಸುತ್ತಿದರು. “ಚೆನ್ನಾಗೈತೆ ಮಿಸ್,” ಎಂದು ಅಡುಗೆ ಕೋಣೆಗೆ ಹೋಗಿಬಿಟ್ಟರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಊಟದ ಬೆಲ್ ಹೊಡೆಯಿತು. ದಿನವೂ ತಟ್ಟೆ ಬಡಿಯುತ್ತಾ ಓಡಿ ಲೈನಿನಲ್ಲಿ ಮೊದಲು ನಿಲ್ಲುವವಳು ಶಿವಾನಿಯೇ. ಇವತ್ತು ಎಲ್ಲರಿಗಿಂತ ಹಿಂದೆ ನಿಂತಳು. ಹೇಮಂತನಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂದು ಅವನು ಕ್ಲಾಸಿನಲ್ಲೇ ಉಳಿದುಬಿಟ್ಟ.

ಅವಳ ಸರದಿ ಬಂತು. ನೀಲಕ್ಕ ಪಾತ್ರೆಯನ್ನು ಓರೆ ಮಾಡಿ, ತಳ ಕೆರೆದು, ಅನ್ನದ ಮೇಲೆ ಒಂದು ಸೌಟು ಸುರಿದರು. ಗಟ್ಟಿ ಸಾಂಬಾರು. ಹಳದಿ ಹಳದಿ ಬೇಳೆ.

“ಸಿಕ್ತಾ?”

“ಏನು ನೀಲಕ್ಕ?”

“ಕಾಣೆಯಾಗಿದ್ದದ್ದು. ನಾನೇ ಹುಡ್ಕಿಕೊಟ್ನಲ್ಲ. ಎಲ್ಲಿ ನನ್ನ ಅಪ್ಪಳ?”

ಶಿವಾನಿ ನೆಲ ನೋಡಿದಳು. “ಸಾರಿ ನೀಲಕ್ಕ.”

“ಬೇಳೆ ತಳದಾಗೆ ಕೂತ್ಕಂಡಿರ್ತದೆ. ನೀನು ದಿನಾ ಫಸ್ಟು ಓಡ್ಬತ್ತೀಯ, ಮೇಲಿನ ನೀರು ಕುಡ್ಕಂಡು ಓಯ್ತೀಯ.”

“ಮತ್ತೆ ಕಲಕಿ ಬಡಿಸಬೇಕಲ್ವಾ?” ಅಂದುಬಿಟ್ಟಳು ಶಿವಾನಿ. ಬಾಯಿ ಅವಳ ಮಾತು ಕೇಳುವುದೇ ಕಡಿಮೆ.

“ಕಲಕ್ತೀನಮ್ಮ. ಇನ್ನೂರು ಜನ ತಟ್ಟೆ ಬಡ್ಕಂಡು ನಿಂತ್ರೆ ಎಷ್ಟು ಸಲ ಕಲಕ್ಲಿ? ನಂಗಿರೋದು ಎಲ್ಡೇ ಕೈ.” ಆಮೇಲೆ ಗೊಣಗಿದರು, “ಮೂಗು ಅಷ್ಟು ದಪ್ಪ ಐತಾ ನಂದು?”

“ಅದು ಹೇಮಂತ ಹೇಳಿದ್ದು.”

ನೀಲಕ್ಕ ನಕ್ಕರು. ನಕ್ಕಾಗ ಮೂಗು ನಿಜವಾಗಿಯೂ ದಪ್ಪವಾಯಿತು. ಅದನ್ನು ಮಾತ್ರ ಶಿವಾನಿ ಹೇಳಲಿಲ್ಲ.

ಅವಳು ಅಡುಗೆ ಕೋಣೆಯ ಮೆಟ್ಟಿಲ ಮೇಲೆ ಕೂತಳು. ನೀಲಕ್ಕ ಖಾಲಿ ಪಾತ್ರೆಗೆ ನೀರು ಹಾಕಿ ನೆನೆಯಲು ಬಿಟ್ಟರು. ಆಮೇಲೆ ತಾವೂ ಒಂದು ತಟ್ಟೆಗೆ ಅನ್ನ ಹಾಕಿಕೊಂಡು ಪಕ್ಕದಲ್ಲಿ ಬಂದು ಕೂತರು. ಅನ್ನದ ಜೊತೆ ಒಂದು ಚೂರು ಉಪ್ಪಿನಕಾಯಿ.

ಶಿವಾನಿ ನೆನೆಯಲು ಇಟ್ಟ ಪಾತ್ರೆ ನೋಡಿದಳು. ತನ್ನ ತಟ್ಟೆ ನೋಡಿದಳು.

“ಸಾಂಬಾರ್ ಹಾಕ್ಕೊಳ್ಳಲ್ವಾ?”

“ದಿನಾ ತಳದಾಗೆ ಒಂದು ಸೌಟು ಉಳೀತದೆ. ಇವತ್ತು ಇಲ್ಲ. ನೀನು ಉಣ್ಣು.”

ಶಿವಾನಿಯ ಕೈ ತಟ್ಟೆಯ ಅಂಚಿನಲ್ಲೇ ನಿಂತಿತು.

“ನಾನಿನ್ನೂ ಕೈ ಹಾಕಿಲ್ಲ ನೀಲಕ್ಕ,” ಎಂದಳು. ಅವರು ಬೇಡ ಅನ್ನುವಷ್ಟರಲ್ಲಿ ತನ್ನ ತಟ್ಟೆಯನ್ನು ಓರೆ ಮಾಡಿ, ಅರ್ಧ ಬೇಳೆಯನ್ನು ಅವರ ಅನ್ನದ ಮೇಲೆ ಮೆಲ್ಲಗೆ ಜಾರಿಸಿದಳು.