ಬೆಳ್ಳಗಾದ ಹವಳ

ವಾಸಿನಿ ದ್ವೀಪದ ದಂಡೆಯಲ್ಲಿ ದೋಣಿಯಿಂದ ಇಳಿಯುವಾಗ ಹಮಾದಿ ಆ ನೈರೋಬಿಯವಳ ಕೈಯನ್ನು ಬಿಗಿಯಾಗಿ ಹಿಡಿದಿದ್ದ. ರುಕಿಯಾ ಅದನ್ನು ಕಣ್ಣಾರೆ ಕಂಡಳು.

ಐದು ದಿನದಿಂದ ಇದೇ ಕಥೆ. ಬೆಳಗಾದರೆ ಸಾಕು, ರೇಡಿಯೊ ವರದಿಗಾರ ಹಮಾದಿ, ಆ ನೈರೋಬಿಯ ವಿಜ್ಞಾನಿ ಮುಥೋನಿ, ಒಂದೇ ದೋಣಿ!

ಹವಳದ ದಿಬ್ಬ ಸತ್ತುಹೋಗಿದೆ ಎಂದು ಹೋದ ವಾರ ಸುದ್ದಿ ಓದಿದವನು ಇವನೇ. ಮರುದಿನದಿಂದ ರುಕಿಯಾಳ ಮಹಿಳಾ ಸಂಘದ ದೋಣಿ ಹತ್ತಲು ಒಬ್ಬ ಪ್ರವಾಸಿಯೂ ಬರಲಿಲ್ಲ. ನೀರು ಬಿಸಿಯಾಗಿ ಹವಳ ಬಿಳಿಚಿಕೊಂಡಿದೆ ಅಷ್ಟೆ, ಜೀವ ಇದೆ ಎಂದು ಅವಳು ಬಡಕೊಂಡಿದ್ದಳು. ಎರಡು ವರ್ಷ ತನ್ನ ಜಗಲಿಯಲ್ಲಿ ತಾನು ಕರಿದ ಮಹಂಬ್ರಿ ರೊಟ್ಟಿ ತಿಂದು ಚಹಾ ಕುಡಿದವನಿಗೆ ತನ್ನ ಮಾತು ಮಾತ್ರ ರುಚಿಸಲಿಲ್ಲ... ಓದಿದವಳೇ ಬೇಕಾಯಿತು!

"ರುಕಿಯಾ, ಒಂದ್ನಿಮಿಷ..."

"ನಂಗೆ ಪುರುಸೊತ್ತಿಲ್ಲ. ನಿಂಗೆ ಹೇಳೋರು ಸಿಕ್ಕಿದಾರಲ್ಲ," ಎಂದು ಅವಳು ಮುಖ ತಿರುಗಿಸಿ ನಡೆದಳು. ಮನೆಗೆ ಬಂದು ಚೆನ್ನಾಗಿ ಅತ್ತಳು.

ಮರುದಿನ ರುಕಿಯಾ ಹಿಟ್ಟು ನಾದುತ್ತಿದ್ದಾಗ ಅವಳ ಚಿಕ್ಕಮ್ಮ ಬೇಕೆಂದೇ ರೇಡಿಯೊ ಜೋರು ಮಾಡಿದಳು.

"ಹೋದ ವಾರ ನಾನು ತಪ್ಪು ಸುದ್ದಿ ಹೇಳಿದೆ," ಎನ್ನುತ್ತಿತ್ತು ಹಮಾದಿಯ ದನಿ. "ದೋಣಿ ಮೇಲಿಂದ ಬಿಳೀದು ನೋಡಿ ಸತ್ತಿದೆ ಅಂದ್ಬಿಟ್ಟೆ. ನೀರಿಗೆ ಇಳಿದಿರ್ಲಿಲ್ಲ. ನಂಗೆ ಈಜು ಬರಲ್ಲ. ಈಗ ಡಾಕ್ಟರ್ ಮುಥೋನಿ ಆಸರೆಯಲ್ಲಿ ಇಳಿದು ಒಂದೊಂದೇ ಗೊಂಚಲು ನೋಡಿದೀನಿ. ಹೆಚ್ಚಿನವು ಬದುಕಿವೆ. ನೀರು ತಣ್ಣಗಾದ್ರೆ ಉಳೀಬಹುದು, ಆಗದಿದ್ರೆ ಸಾಯಬಹುದು. ಇದನ್ನ ಮೊದಲು ಹೇಳಿದ್ದು ವಾಸಿನಿಯ ರುಕಿಯಾ. ನಾನು ಕೇಳ್ಲಿಲ್ಲ."

ರುಕಿಯಾ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದು ನಿಂತಳು. ಈಜು ಬರದವನು! ಬೆಟ್ಟದ ಕಡೆಯವನು ಎಂದು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಹಾಗಾದರೆ ಮುಥೋನಿಯ ಕೈ ಹಿಡಿದದ್ದು ನೀರಿನ ಭಯಕ್ಕೆ!

ಮಧ್ಯಾಹ್ನ ಅವನು ಬಾಗಿಲಿಗೆ ಬಂದು ನಿಂತ. ಅವಳ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿರಲಿಲ್ಲ.

"ಈಜು ಕಲಿಸು ಅಂತ ನನ್ನ ಕೇಳೋಕೇನಾಗಿತ್ತು?"

"ನಿನ್ನ ಮುಂದೆ ಮುಳುಗಿ ನೀರು ಕುಡಿಯೋಕೆ ನಾಚಿಕೆ ಆಯ್ತು."

"ಅವಳ ಮುಂದೆ ಆಗ್ಲಿಲ್ವಾ?"

"ಅವಳು ನಕ್ರೆ ನಂಗೇನು? ನೀನು ನಕ್ರೆ ತಡ್ಕೊಳಕ್ಕಾಗಲ್ಲ." ಅವನು ತಲೆ ತಗ್ಗಿಸಿದ. "ನಿನ್ನ ಪ್ರೀತಿಸ್ತೀನಿ ರುಕಿಯಾ. ಅದನ್ನೂ ಹೇಳೋಕೆ ತಡ ಮಾಡ್ದೆ."

ಅವಳ ಕಣ್ಣು ತುಂಬಿ ಬಂತು. ತಲೆವಸ್ತ್ರದ ಅಂಚಿನಿಂದ ಒರೆಸಿಕೊಂಡಳು.

"ನಾಳೆ ಬೆಳಿಗ್ಗೆ ಬಾ. ನಾನೇ ಕಲಿಸ್ತೀನಿ."

"ಮುಥೋನಿ ಡಾಕ್ಟ್ರನ್ನೂ ಕರೀಲಾ?" ಎಂದ ಅವನು, ಮೆಲ್ಲಗೆ.

"ಕರೆದು ನೋಡು," ಎಂದಳು ರುಕಿಯಾ.