ಕಡಲನ್ನು ನಿಲ್ಲಿಸಿದ ಹುಡುಗಿ

ಕಡಲಿನೊಳಗಿನ ಹರಿವು ಯಾಕೆ ನಿಧಾನವಾಯಿತು ಎಂದು ಓದಿದವರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾರೆ. ನಿಜವಾದ ಕಾರಣ ಗೊತ್ತಿರುವುದು ನನಗೊಬ್ಬನಿಗೇ. ಐಸ್ ಕಾರ್ಖಾನೆಯ ಹುಡುಗಿ ಒಂದು ಬೆಳಿಗ್ಗೆ ಬಂದರುಕಟ್ಟೆಯ ಮೇಲೆ ನಿಂತು ಗುಡುಗಿದಳು. ಆ ಗುಡುಗಿಗೆ ತಿಮಿಂಗಿಲಗಳು ಕಿವಿ ಮುಚ್ಚಿಕೊಂಡವು. ತಿಮಿಂಗಿಲಕ್ಕೆ ಕಿವಿ ಎಲ್ಲಿದೆ ಎಂದು ಕೇಳಬೇಡಿ, ಅವತ್ತು ಇತ್ತು. ಖಂಡದಿಂದ ಖಂಡಕ್ಕೆ ಓಡುತ್ತಿದ್ದ ಹರಿವು ಗಕ್ಕನೆ ನಿಂತಿತು. ಅವತ್ತಿನಿಂದ ಅದು ಹೆದರಿ ಹೆದರಿ ಹೆಜ್ಜೆ ಇಡುತ್ತಿದೆ.

ನಂಬಿಕೆ ಬರಲಿಲ್ಲವೇ? ಪೂರ್ತಿ ಕೇಳಿ.

ಆ ಗುಡುಗು ಬಿದ್ದದ್ದು ಒಬ್ಬ ನೀಲಿ ಅಂಗಿಯವನ ತಲೆಯ ಮೇಲೆ. ವಿಮೆ ಕಂಪನಿಯಿಂದ ಬಂದಿದ್ದ. ಕಡಲಿನ ಹರಿವನ್ನು ಅಳೆಯುವುದು ಅವನ ಕೆಲಸ. ಕಾರ್ಖಾನೆಯ ಬಾಗಿಲಲ್ಲಿ, ನಿಲ್ಲಬಾರದ ಜಾಗದಲ್ಲೇ ನಿಂತಿದ್ದ. ಮೇಲಿನ ಕೊಳವೆಯಿಂದ ಐಸಿನ ಪುಡಿ ಜರ್ರೆಂದು ಜಾರಿ ಅವನ ಬೂಟನ್ನು ಮುಚ್ಚಿತು.

"ದಾರಿ ಬಿಡಿ," ಎಂದಳು ಅವಳು. ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಐಸ್ ಗಡ್ಡೆ ಎಳೆಯುವ ಕೊಕ್ಕೆ.

"ಕಾರ್ಖಾನೆಯ ಯಜಮಾನರನ್ನ ನೋಡ್ಬೇಕಿತ್ತು..."

"ನೋಡ್ತಾ ಇದೀರಲ್ಲ."

ಅವನು ತಡವರಿಸಿದ. ಆಮೇಲೆ ಬಂದ ವಿಷಯ ಹೇಳಿದ. ಮುಂದಿನ ತಿಂಗಳಿನಿಂದ ಈ ಬಂದರಿನ ಯಾವ ದೋಣಿಗೂ ಕಂಪನಿ ವಿಮೆ ಮಾಡುವುದಿಲ್ಲ. ಇಲ್ಲಿನ ಹರಿವು ನಿಂತುಹೋಗಿದೆ, ಇನ್ನು ಮೀನು ಬರುವುದಿಲ್ಲ ಎಂದು ವರದಿಯಾಗಿದೆ. ಶನಿವಾರ ದೋಣಿ ಮಾಲೀಕರ ಸಭೆ.

ವಿಮೆ ಇಲ್ಲದೆ ಯಾವ ದೋಣಿಯೂ ಕಡಲಿಗಿಳಿಯುವಂತಿಲ್ಲ. ಇಲ್ಲಿ ಆಗದಿದ್ದರೆ ದೋಣಿಗಳೆಲ್ಲ ಪಕ್ಕದ ಬಂದರಿಗೆ ಹೋಗುತ್ತವೆ. ದೋಣಿ ಇಲ್ಲದ ಬಂದರಿನಲ್ಲಿ ಐಸನ್ನು ಯಾರು ಕೊಳ್ಳುತ್ತಾರೆ? ಅಪ್ಪ ಬಿಟ್ಟುಹೋದ ಕಾರ್ಖಾನೆ ಅದು. ಅದರ ಮೋಟಾರಿನ ಸದ್ದು ಕೇಳುತ್ತಲೇ ಅವಳು ಹುಟ್ಟಿದ್ದು, ಬೆಳೆದದ್ದು.

"ಹರಿವು ಅಂದ್ರೆ ಏನು? ನನಗೆ ಅರ್ಥ ಆಗೋ ಹಾಗೆ ಹೇಳಿ."

"ಮೇಲಿನ ಬಿಸಿನೀರು ದೂರ ಸಾಗುತ್ತೆ, ಆಳದ ತಣ್ಣೀರು ಮೇಲೆ ಬರುತ್ತೆ. ಆ ತಣ್ಣೀರಿನ ಜೊತೆಗೇ ಮೀನಿನ ಮೇವೂ ಬರೋದು. ಈಗ ಭೂಮಿ ಬಿಸಿಯಾಗಿ ಧ್ರುವದ ಐಸ್ ಕರಗ್ತಾ ಇದೆ. ಆ ಸಿಹಿನೀರು ಸೇರಿ ಕಡಲಿನ ಓಟಕ್ಕೆ ಅಡ್ಡ ಬೀಳುತ್ತೆ."

"ಅಂದ್ರೆ, ಅಲ್ಲಿ ಐಸ್ ಕರಗಿದ್ದಕ್ಕೆ ಇಲ್ಲಿ ನನ್ನ ಐಸ್ ಕೊಳ್ಳೋರಿಲ್ಲ."

"ಒಂದು ರೀತಿಯಲ್ಲಿ... ಹೌದು."

ಆಗಲೇ ನೋಡಿ ಅವಳು ಗುಡುಗಿದ್ದು.

"ಭೂಮಿನ ಬಿಸಿ ಮಾಡಿದ್ದು ನಾನಾ? ನನ್ನಪ್ಪನಾ? ಈ ಮೀನು ಬುಟ್ಟಿ ಹೊರೋ ಹೆಂಗಸ್ರಾ? ಬೆಂಕಿ ಹಚ್ಚಿದೋರು ತಂಪಾದ ಕೋಣೇಲಿ ಕೂತಿದಾರೆ. ಹೊಗೆ ಕುಡಿಯೋಕೆ ಮಾತ್ರ ನಾವು. ಅವರ ಹತ್ರ ಹೋಗಿ ಹೇಳಿದ್ರಾ, ನಿಮಗೆ ವಿಮೆ ಇಲ್ಲ ಅಂತ?"

ಬಂದರಿನ ಹೆಂಚುಗಳು ಹಾರಿಹೋದವು. ಲಂಗರು ಹಾಕಿದ್ದ ದೋಣಿಗಳು ತಾವಾಗಿಯೇ ಮುಖ ತಿರುಗಿಸಿದವು. ಮೀನಿನ ಹರಾಜು ಕೂಗುತ್ತಿದ್ದ ಅವಳ ಸೋದರಮಾವನೂ ಬಾಯಿ ಮುಚ್ಚಿದ. ಅವನ ಕಂಠಕ್ಕೆ ಸಮನಾದ ಕಂಠ ಯಾವ ಬಂದರಿನಲ್ಲೂ ಇಲ್ಲ, ನೋಡಲೂ ಬಹಳ ಲಕ್ಷಣವಾಗಿದ್ದಾನೆ.

ನೀಲಿ ಅಂಗಿಯವನು ಮಾತ್ರ ಕದಲಲಿಲ್ಲ. ಐಸಿನಲ್ಲಿ ಹೂತ ಕಾಲನ್ನೂ ಎತ್ತದೆ ಅವಳ ಕಣ್ಣನ್ನೇ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡ.

'ಬೈಸ್ಕೊಳ್ಳೋವಾಗ ಎಲ್ಲರೂ ನೆಲ ನೋಡ್ತಾರೆ... ಇವನ್ಯಾಕೆ ನೋಡ್ತಿಲ್ಲ?'

ಅದು ಅವಳನ್ನು ಇನ್ನಷ್ಟು ಕೆರಳಿಸಿತು. ಆದರೆ ಅವತ್ತು ಸಂಜೆಯವರೆಗೂ ಅದೇ ಕಣ್ಣು ನೆನಪಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಅವನು ಮತ್ತೆ ಬಂದ. ಈ ಸಲ ಕೊಳವೆಯ ಪಕ್ಕಕ್ಕೆ ನಿಂತಿದ್ದ.

"ಇನ್ನೇನು ಉಳಿದಿದೆ ಮುಚ್ಚಿಸೋಕೆ?"

"ನಿನ್ನೆ ನೀವು ಅರ್ಧಕ್ಕೇ ನಿಲ್ಲಿಸಿದ್ರಿ. ಮಿಕ್ಕಿದ್ದು ಬೈತೀರೇನೋ ಅಂತ ಬಂದೆ."

ಅವಳಿಗೆ ನಗು ಬಂತು. ಅದನ್ನು ಮುಚ್ಚಿಕೊಳ್ಳಲು ಐಸ್ ಗಡ್ಡೆಯೊಂದನ್ನು ಕೊಕ್ಕೆ ಹಾಕಿ ಎಳೆದಳು. ಅವನೂ ಕೈ ಹಾಕಿದ. ಗಡ್ಡೆ ಜಾರಿ, ಅವನೂ ಜಾರಿ, ಇಬ್ಬರೂ ಸೇರಿ ಅದನ್ನು ಪುಡಿ ಮಾಡುವ ಯಂತ್ರದವರೆಗೆ ತಂದರು. ಅವನ ಬೆರಳುಗಳು ಕೆಂಪಾಗಿ ಮರಗಟ್ಟಿದ್ದವು. ತನ್ನ ಉಣ್ಣೆಯ ಕೈಗವಸನ್ನು ಅವನ ಕಡೆ ಎಸೆದಳು.

"ಕೊಟ್ಟಿದ್ದಲ್ಲ. ಎರವಲು."

ದಿನಾ ಬರತೊಡಗಿದ. ಬೈಸಿಕೊಳ್ಳುತ್ತಿದ್ದ, ಗಡ್ಡೆ ಎಳೆಯುತ್ತಿದ್ದ. ಮಧ್ಯೆ ಮಧ್ಯೆ ತನ್ನ ಬೆಂಡುಗಳ ಸುದ್ದಿ ಹೇಳುತ್ತಿದ್ದ. ಬಲೆಗೆ ಕಟ್ಟುವ ಬೆಂಡಿನ ಹಾಗೆಯೇ ಕಡಲಲ್ಲಿ ತೇಲುವ ಯಂತ್ರಗಳಂತೆ. ಹರಿವಿನ ಜೊತೆ ಸಾಗುತ್ತ, ಸುಮಾರಾಗಿ ಎಲ್ಲಿದ್ದೇವೆ, ನೀರು ಎಷ್ಟು ತಣ್ಣಗಿದೆ ಎಂದು ಅವನ ಕಚೇರಿಗೆ ಸುದ್ದಿ ಕಳಿಸುತ್ತವಂತೆ.

'ಶನಿವಾರ ಆದ್ಮೇಲೆ ಇವನು ಹೋಗಿಬಿಡ್ತಾನೆ. ಹೋಗ್ಲಿ, ನನಗೇನು?'

ನನಗೇನು ಎಂದುಕೊಂಡಾಗಲೆಲ್ಲ ಎದೆಯೊಳಗೆ ಏನೋ ಕರಗುತ್ತಿತ್ತು. ಐಸ್ ಮಾರುವವಳಿಗೆ ಕರಗುವುದೆಂದರೆ ನಷ್ಟ. ಅದಕ್ಕೇ ಅವಳು ಹುಬ್ಬು ಗಂಟಿಕ್ಕಿಕೊಂಡೇ ಇರುತ್ತಿದ್ದಳು.

ಶುಕ್ರವಾರ ಚಹಾ ಕುಡಿಯುತ್ತ ಅವನೇ ಬಾಯಿಬಿಟ್ಟ.

"ಒಂದು ವಿಷಯ ತಲೆ ತಿಂತಾ ಇದೆ. ಹರಿವು ನಿಂತ್ರೆ ಇಲ್ಲಿನ ನೀರು ಬಿಸಿ ಆಗ್ಬೇಕು. ನನ್ನ ಬೆಂಡುಗಳು ಈ ಕೊಲ್ಲಿಯಲ್ಲಿ ಅಲ್ಲಾಡದೆ ನಿಂತಿವೆ, ಸರಿ. ಆದರೆ ನೀರು ಐಸಿನಷ್ಟು ತಣ್ಣಗಿದೆ ಅಂತಿವೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ?"

"ಯಾವಾಗಿನಿಂದ ಈ ಅನುಮಾನ?"

"ವರದಿ ಬರೆಯೋವಾಗಿಂದ. ದೊಡ್ಡ ಸಾಹೇಬರಿಗೂ ಹೇಳಿದ್ದೆ. ಕಾಯೋಕೆ ಪುರುಸೊತ್ತಿಲ್ಲ ಅಂದ್ರು."

ಅವಳು ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಅನುಮಾನ ಇಟ್ಕೊಂಡೇ ನನ್ನ ಬಾಗಿಲಿಗೆ ಬಂದು, ಹರಿವು ನಿಂತಿದೆ ಅಂದ್ರಾ?"

"ನಾನು..."

"ದಿನಾ ಇಲ್ಲಿ ಕೂತು ನನ್ನ ಚಹಾ ಕುಡಿದ್ರಿ. ನನ್ನ ಕೈಗವಸು ಹಾಕ್ಕೊಂಡ್ರಿ. ಆದರೂ ನಿಮ್ಮ ಸಾಹೇಬರ ಎದುರಿಗೆ ಇನ್ನೊಂದು ಸಲ ಬಾಯಿ ತೆರೀಲಿಲ್ಲ. ಬೈದರೆ ತಲೆ ಎತ್ತಿ ಕೇಳ್ತೀರಲ್ಲ, ಅದನ್ನ ಧೈರ್ಯ ಅಂದ್ಕೊಂಡಿದ್ದೆ."

"ಕೆಲಸ ಹೋಗುತ್ತೆ ಅಂತ..."

"ನಿಮ್ಮ ಕೆಲಸ ಉಳೀಲಿ ಅಂತ ಇಡೀ ಬಂದರಿನ ಕೆಲಸ ಹೋಗ್ಬೇಕು. ಕೈಗವಸು ಅಲ್ಲಿಡಿ. ಹೊರಡಿ."

ಅವನು ಕೈಗವಸನ್ನು ಬಿಚ್ಚಿ, ಮಡಚಿ, ಲೋಟದ ಪಕ್ಕ ಇಟ್ಟು ಹೋದ. ಮೋಟಾರನ್ನು ಪೂರ್ತಿ ವೇಗಕ್ಕಿಟ್ಟು ಅವಳು ಅತ್ತಳು. ಆ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ.

ಶನಿವಾರ ಬೆಳಿಗ್ಗೆ, ಸಭೆಗೆ ಇನ್ನೂ ಸಮಯವಿರುವಾಗ, ಅವನು ಬಾಡಿಗೆ ದೋಣಿಯೊಂದರಲ್ಲಿ ಕೊಲ್ಲಿಯನ್ನೆಲ್ಲ ಸುತ್ತುತ್ತಿದ್ದ. ಕೈಯಲ್ಲಿ ಬೆಂಡುಗಳ ಸಂಕೇತ ಹಿಡಿಯುವ ಪುಟ್ಟ ಯಂತ್ರ. ದೋಣಿ ದಡದತ್ತ ಬಂದಷ್ಟೂ ಅದು ಜೋರಾಗಿ ಕೂಗುತ್ತಿತ್ತು. ಆ ಕೂಗಿನ ಬೆನ್ನು ಹತ್ತಿ... ನೇರವಾಗಿ ಐಸ್ ಕಾರ್ಖಾನೆಯ ಕಂಬಗಳಿಗೆ ಬಂದು ದೋಣಿ ಢಿಕ್ಕಿ ಹೊಡೆಯಿತು. ಕಾರ್ಖಾನೆ ನಿಂತಿರುವುದೇ ನೀರಿನ ಮೇಲೆ ನೆಟ್ಟ ಕಂಬಗಳ ಮೇಲೆ.

"ಹೊರಡಿ ಅಂದಿದ್ದೆ."

"ಬೈಯಿರಿ, ಆಮೇಲೆ ಕೇಳ್ತೀನಿ. ಆ ಕೋಣೆಯ ಬಾಗಿಲು ತೆಗೀರಿ, ದಯವಿಟ್ಟು."

ಅದು ಐಸ್ ಗಡ್ಡೆಗಳನ್ನು ಪೇರಿಸಿಡುವ ಕೋಣೆ. ಬಾಗಿಲು ತೆರೆದಾಗ ಬಿಳಿಯ ತಣ್ಣನೆ ಹಬೆ ಹೊರಬಂತು. ಹಬೆ ಕರಗಿದ ಮೇಲೆ ಎದುರಿನ ಗೋಡೆ ಕಾಣಿಸಿತು.

ಗೋಡೆಯ ತುಂಬ ಮೊಳೆ. ಮೊಳೆಗೊಂದು ಸಾಮಾನು. ಹರಿದ ಬಲೆ, ಒಂಟಿ ಚಪ್ಪಲಿ, ಹುಟ್ಟುಗೋಲು, ಯಾರದೋ ಟೋಪಿ. ಅವುಗಳ ನಡುವೆ ಸಾಲಾಗಿ ಹಳದಿ ಬೆಂಡುಗಳು.

"ಇವು... ಇಲ್ಲಿಗೆ ಹೇಗೆ ಬಂದ್ವು?"

"ಕಡಲಲ್ಲಿ ಯಾರದೇ ಸಾಮಾನು ಸಿಕ್ಕಿದ್ರೂ ತಂದು ಈ ಗೋಡೆಗೆ ತೂಗುಹಾಕ್ತಾರೆ. ಕಳ್ಕೊಂಡೋರು ಬಂದು ತಗೊಂಡು ಹೋಗ್ತಾರೆ. ಅಪ್ಪನ ಕಾಲದ ಕಟ್ಟಳೆ. ಮುಂಚೆ ಹೊರಗಿನ ಗೋಡೆಗೆ ಹಾಕ್ತಿದ್ರು. ಬಿರುಗಾಳಿಗೆ ಅದು ಬಿದ್ದ ಮೇಲೆ ನಾನೇ ಮೊಳೆಗಳನ್ನ ಒಳಗೆ ಹೊಡೆದೆ." ಅವಳ ದನಿ ಕುಗ್ಗಿತು. "ಯಾವುದೋ ಬಲೆಯಿಂದ ಕಳಚಿಕೊಂಡ ಬೆಂಡು ಅಂತ ದೋಣಿಯವರು ತಂದ್ರು. ಹೊಸದಾಗಿದೆ, ಪಾಪ ಯಾರು ಹುಡುಕ್ತಿದಾರೋ ಅಂತ ನಾನೇ ಒರೆಸಿ ನೇತು ಹಾಕಿದೆ."

ಇಬ್ಬರೂ ಗೋಡೆಯನ್ನೇ ನೋಡುತ್ತ ನಿಂತರು. ನಿಂತದ್ದು ಕಡಲಲ್ಲ. ಐಸಿನಷ್ಟು ತಣ್ಣಗಿದ್ದದ್ದೂ ನೀರಲ್ಲ.

"ನನ್ನ ಕಾರ್ಖಾನೆನ ನನ್ನ ಕೈಯಾರೆ ನಾನೇ ಮುಚ್ಚಿಸ್ತಿದ್ದೆ," ಎಂದಳು. ನಗುವೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ.

"ಇಲ್ಲ. ನೀವು ಸಿಕ್ಕಿದ್ದನ್ನ ಜೋಪಾನ ಮಾಡಿದ್ರಿ. ತಪ್ಪು ಅಂತ ಅನಿಸಿದ್ದನ್ನ ಬಚ್ಚಿಟ್ಟಿದ್ದು ನಾನು." ಬೆಂಡುಗಳನ್ನು ಒಂದೊಂದಾಗಿ ಇಳಿಸಿ ಹೆಗಲಿಗೆ ಹಾಕಿಕೊಂಡ. "ಸಭೆಗೆ ಬನ್ನಿ."

ಹರಾಜು ಕಟ್ಟೆಯ ಮೇಲೆ ಸಭೆ. ಕಂಪನಿಯ ದೊಡ್ಡ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಕೂತಿದ್ದರು. ಅವನು ಹಳದಿ ಬೆಂಡುಗಳನ್ನು ಮೇಜಿನ ಮೇಲೆ ದಬದಬನೆ ಹಾಕಿದ.

"ಇವು ಕಡಲಲ್ಲಿ ಇರ್ಲಿಲ್ಲ, ಐಸ್ ಕೋಣೆಯ ಮೊಳೆಗೆ ನೇತಾಡ್ತಿದ್ವು. ಇವನ್ನ ನಂಬಿ ಬರೆದ ವರದಿ ಸುಳ್ಳು. ನನಗೆ ಮೊದಲೇ ಅನುಮಾನ ಇತ್ತು, ಸುಮ್ಮನಿದ್ದೆ. ಸಾಹೇಬರಿಗೂ ಹೇಳಿದ್ದೆ, ಅವರೂ ಸುಮ್ಮನಿದ್ರು."

ಕಟ್ಟೆಯ ಮೇಲೆ ಗದ್ದಲವೆದ್ದಿತು. ನಗು, ಬೈಗುಳ, ಶಿಳ್ಳೆ.

"ಹಂಗಾದ್ರೆ ಹರಿವು ಸರಿ ಇದೆ?" ಎಂದ ಒಬ್ಬ ಮುದುಕ ದೋಣಿಯವನು.

ನೀಲಿ ಅಂಗಿಯವನು ಅವಳ ಕಡೆ ನೋಡಿದ. ಈಗ ಹೌದು ಎಂದುಬಿಟ್ಟಿದ್ದರೆ ಇಡೀ ಬಂದರೇ ಅವನನ್ನು ಹೊತ್ತು ಕುಣಿಯುತ್ತಿತ್ತು.

"ಇಲ್ಲ. ನಡುಗಡಲಲ್ಲಿ ಇನ್ನೂ ಬೆಂಡುಗಳಿವೆ. ಅವು ಓಡ್ತಿವೆ, ಆದರೆ ಮುಂಚಿಗಿಂತ ನಿಧಾನ. ಹರಿವು ನಿಂತಿಲ್ಲ, ಸೊರಗ್ತಾ ಇದೆ. ಮೀನು ಕಡಿಮೆ ಆಗ್ತಿರೋದು ನಿಮಗೇ ಗೊತ್ತು."

ಅವಳು ಎದ್ದು ನಿಂತಳು.

"ನಿಧಾನ ಆಗಿರೋದು ನಿಜ ಅಂದ್ಮೇಲೆ ನಿಜವನ್ನೇ ಮಾತಾಡೋಣ, ಸಾಹೇಬ್ರೇ. ಕಡಲು ಚೆನ್ನಾಗಿದ್ದಾಗ ನಮ್ಮ ವಿಮೆಯ ಹಣ ಬೇಕಿತ್ತು. ಈಗ ಕಾಯಿಲೆ ಬಿದ್ದಿದೆ ಅಂತ ಎದ್ದು ಹೋಗ್ತೀರಿ. ಹೊಗೆ ಬಿಡೋ ಕಾರ್ಖಾನೆಗಳಿಗೂ ನೀವೇ ವಿಮೆ ಮಾಡ್ತೀರಲ್ಲ, ಅಲ್ಲಿಂದ ಯಾಕೆ ಎದ್ದು ಹೋಗಲ್ಲ?"

ಸಾಹೇಬರ ಕರವಸ್ತ್ರ ಮೂಗಿನಿಂದ ಹಣೆಗೆ ಹೋಯಿತು. ಹೊಸದಾಗಿ ಅಳೆಯುವವರೆಗೆ ಹಳೆಯ ವಿಮೆಯೇ ಮುಂದುವರಿಯುತ್ತದೆ ಎಂದು ಗೊಣಗಿ ಕಾರು ಹತ್ತಿದರು. ಹತ್ತುವ ಮುಂಚೆ ನೀಲಿ ಅಂಗಿಯವನಿಗೆ, ನಾಳೆಯಿಂದ ಬರಬೇಡ ಎಂದರು.

ಸಂಜೆ ಅವಳು ಐಸ್ ಕಟ್ಟಿಸುವ ಎರಡು ತೊಟ್ಟಿಗಳಲ್ಲಿ ಒಂದರ ನೀರನ್ನು ಹೊರಕ್ಕೆ ಬಿಟ್ಟಳು. ಬರುವ ಮೀನಿಗೆ ಇನ್ನು ಒಂದೇ ಸಾಕು. ಅಪ್ಪನ ತೊಟ್ಟಿ ಬರಿದಾಗುವುದನ್ನು ಹಲ್ಲು ಕಚ್ಚಿ ನೋಡುತ್ತ ನಿಂತಾಗ ಅವನು ಬಂದ.

"ಕೆಲಸ ಹೋಯ್ತಂತೆ."

"ಹೋಯ್ತು. ದೋಣಿಯವರ ಸಂಘ ಕೇಳ್ತಿದೆ, ಹರಿವನ್ನ ನಮಗೋಸ್ಕರ ಅಳೀತೀಯಾ ಅಂತ. ಸಂಬಳದ ಬದಲು ಮೀನು ಕೊಡ್ತಾರಂತೆ."

"ಅದೂ ಕಡಿಮೆ ಆಗ್ತಿದೆಯಲ್ಲ."

"ಅದಕ್ಕೇ ಯೋಚನೆ." ಅವನು ಪಕ್ಕದ ಐಸ್ ಕೋಣೆಯೊಳಗೆ ಇಣುಕಿ ಖಾಲಿ ಮೊಳೆಗಳನ್ನು ನೋಡಿದ. "ಕಳೆದುಹೋದದ್ದನ್ನೆಲ್ಲ ಈ ಗೋಡೆಗೆ ಹಾಕ್ತೀರಲ್ಲ... ನನಗೊಂದು ಮೊಳೆ ಸಿಗುತ್ತಾ?"

"ನನ್ನ ಕೋಪ ಇನ್ನೂ ಇಳಿದಿಲ್ಲ."

"ಇಳಿಯೋದು ಬೇಡ. ಆ ಕೋಪ ಬೇಕು. ನನಗೂ, ಕಡಲಿಗೂ."

ಅವಳು ಕೈಗವಸನ್ನು ತೆಗೆದು ಅವನ ಕೈಗಿಟ್ಟಳು. "ಈ ಸಲ ಎರವಲಲ್ಲ."

ಅಷ್ಟೇ ಕಥೆ. ಹೇಳಿ ಮುಗಿಸುವಷ್ಟರಲ್ಲಿ ಬೆನ್ನ ಹಿಂದೆ ರಬ್ಬರ್ ಬೂಟಿನ ಸದ್ದು.

"ಮಾವ, ನಾನು ಯಾವಾಗ ಗುಡುಗಿದ್ದು?"

ಸಿಕ್ಕಿಬಿದ್ದೆ. ಹೌದು, ಆ ಲಕ್ಷಣವಾದ ಸೋದರಮಾವ ನಾನೇ. ನಿಜ ಹೇಳುತ್ತೇನೆ: ಅವತ್ತು ಒಂದು ಹೆಂಚೂ ಹಾರಲಿಲ್ಲ. ಭೂಮಿಯನ್ನು ಬಿಸಿ ಮಾಡಿದ್ದು ನಾನಾ ಎಂದು ಅವಳು ಕೇಳಿದ್ದು ನಿಜ, ಆದರೆ ಪಿಸುಮಾತಿನಲ್ಲಿ. ನನ್ನ ಹರಾಜಿನ ಕೂಗಿನಲ್ಲಿ ಅದು ಮುಳುಗಿಹೋಯಿತು, ನನಗೂ ತಿಳಿದದ್ದು ಆಮೇಲೆಯೇ. ಕಡಲು ನಿಧಾನವಾದದ್ದು ಅವಳಿಗೆ ಹೆದರಿ ಅಲ್ಲ, ನಾವು ಎಂದೂ ನೋಡದ ಚಿಮಣಿಗಳ ಹೊಗೆಗೆ. ಅಂಥ ಮಾತು ಹಾಗೆ ಮುಳುಗಿತಲ್ಲ ಎಂಬ ಸಿಟ್ಟಿಗೆ ಗುಡುಗನ್ನು ಸೇರಿಸಿದವನು ನಾನು.

"ದನಿಯೇ ಹೊರಟಿರ್ಲಿಲ್ಲ ನನಗೆ," ಎಂದಳು ಅವಳು, ಪಕ್ಕದಲ್ಲಿದ್ದ ನೀಲಿ ಅಂಗಿಯವನ ಕಡೆ ತಿರುಗಿ. "ಯಾರಿಗೂ ಕೇಳಿಸಿರ್ಲಿಲ್ಲ."

"ನನಗೆ ಕೇಳಿಸಿತ್ತು," ಎಂದ ಅವನು.